ಹಸಿರು ನೂಲು

ಬನಹಟ್ಟಿ, ೨೦ ಆಗಸ್ಟ್ ೨೦೨೧

ಅನಗವಾಡಿಯ ತಾರವ್ವ ಅಕ್ಕನವರಿಗೆ ನೇಕಾರ ಸದಾಶಿವನ ನಮಸ್ಕಾರ.

ಮೇ ತಿಂಗಳಲ್ಲಿ ಕೊರೊನಾ ಬಂದು ಐಸಿಯುನಲ್ಲಿದ್ದಾಗ, ನಿಮ್ಮ ಯಜಮಾನರಾದ ಮುತ್ತಪ್ಪನವರ ಪಕ್ಕದ ಮಂಚ ನನ್ನದು. ಅಲ್ಲಿ ವೆಂಟಿಲೇಟರ್ ಹಾಕಿದ ಒಂಬತ್ತು ಜನರಲ್ಲಿ ಮನೆಗೆ ಮರಳಿದವನು ನಾನೊಬ್ಬನೇ. ನಾನೇ ಯಾಕೆ ಎಂದು ಡಾಕ್ಟರನ್ನೂ ಕೇಳಿದೆ. ಈಗಲೂ ದಿನಾ ಬೆಳಗ್ಗೆ, ಎದೆ ತಾನಾಗಿಯೇ ಏರಿಳಿಯುವುದನ್ನು ಬೆರಗಿನಿಂದ ನೋಡುತ್ತ ಕೂಡುತ್ತೇನೆ.

ತಮ್ಮ ಗಂಟಲಿಗೆ ಕೊಳವೆ ಹಾಕುವ ಮೊದಲು ಮುತ್ತಪ್ಪನವರು, "ತಮ್ಮಾ, ನೀ ಉಳದ್ರ ನಮ್ಮಾಕೀಗೆ ಒಂದು ಹಸರ ಸೀರಿ ನೇದು ಕೊಡಪಾ. ನಾ ಇರದಿದ್ರೂ ಹಸರನ ಇರ್ಲಿ" ಅಂದರು.

"ನೀವ ಬಂದು ಒಯ್ಯಿರಿ, ಅಣ್ಣಾರ" ಅಂದೆ. ನಕ್ಕರು.

ಗಂಡ ಹೋದವರಿಗೆ ಹಸಿರು ಕೊಡುವ ಪದ್ಧತಿಯಿಲ್ಲ, ಗೊತ್ತು. ಬಿಳಿಯದನ್ನೇ ನೇಯಲೇ ಎಂದು ಮೂರು ವಾರ ಯೋಚಿಸಿದೆ. ಇಂದು ಹಸಿರು ನೂಲು ತಂದೆ. ಉಡುವುದು, ಬಿಡುವುದು ನಿಮ್ಮಿಷ್ಟ. ಸೋಮವಾರ ಇದನ್ನೇ ಮಗ್ಗಕ್ಕೆ ಏರಿಸುತ್ತೇನೆ.

ನಿಮ್ಮ ತಮ್ಮ,
ಸದಾಶಿವ