ಮಡಚದ ಚೂರಿ

ಬೋಳಾರ, ಮಂಗಳೂರು
೧೭ ಸೆಪ್ಟೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಕ್ಯಾರಲ್ ಪುತಾ,

ನಿನ್ನ ದೊಡ್ಡ ಬ್ಯಾಗು ನಮ್ಮ ಹಾಲ್‌ನಲ್ಲಿ ಗೋಡೆಗೆ ಒರಗಿ ಕುಳಿತಿದೆ. ಗುರುವಾರ ನೀನು ಸುರತ್ಕಲ್‌ನಿಂದ ಬಂದು ಅದನ್ನು ಎತ್ತಿಕೊಂಡು ಹೋಗುವ ಮೊದಲು ಈ ಕಾಗದವನ್ನು ಚೂರಿಯ ಜೊತೆ ಒಳಜೇಬಿನಲ್ಲಿ ಇಡುತ್ತಿದ್ದೇನೆ. ಹಿಮಾಚಲ ತಲುಪಿ ಮೊದಲ ದಿನ ಬ್ರೆಡ್ ಕತ್ತರಿಸಲು ಚೂರಿ ಹುಡುಕುವಾಗ ಸಿಗಲಿ. ವಾಟ್ಸಾಪಿನಲ್ಲಿ ಬರೆಯಬಹುದಿತ್ತು, ಆದರೆ ಅಲ್ಲಿ ನೀನು ಒಂದು ಹೆಬ್ಬೆರಳಿನ ಚಿತ್ರ ಹಾಕಿ ನನ್ನ ಬಾಯಿ ಮುಚ್ಚಿಸಿಬಿಡುತ್ತೀ. ಮನೆಯಲ್ಲಿ ನಮ್ಮದೆಲ್ಲ ಕೊಂಕಣಿ. ಕಾಗದ ಬರೆಯಲು ಕುಳಿತರೆ ಮಾತ್ರ ನನಗೆ ಶಾಲೆಯಲ್ಲಿ ಕಲಿತ ಕನ್ನಡವೇ ಬರುತ್ತದೆ. ಸಹಿಸಿಕೋ.

ಕಳೆದ ತಿಂಗಳ ಕೊನೆಗೆ ನೀನು ಫೋನ್ ಮಾಡಿ, ಬೆಟ್ಟ ಹತ್ತಲು ಹೋಗುವುದು ಖಾತ್ರಿಯಾಯಿತು, ಒಯ್ಯಲು ಒಂದು ಚೂರಿ ಬೇಕು, ಅದನ್ನು ನೀನೇ ಆರಿಸಿ ಕೊಡಬೇಕು ಮಮ್ಮಿ, ಎಂದೆ. ಜೀವನಪೂರ್ತಿ ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರರಿಗೆ ಚೂರಿ ಕೊಟ್ಟವಳು ನೀನು, ನಿನಗಿಂತ ಹೆಚ್ಚು ಗೊತ್ತಿದ್ದವರು ಯಾರುಂಟು ಎಂದೂ ಬೆಣ್ಣೆ ಹಚ್ಚಿದೆ. ನಾನು ಹೂಂ ಎಂದೆ. ಮನಸ್ಸಿನಲ್ಲಿ ಏನಿತ್ತು ಎಂದು ಈಗ ಹೇಳುತ್ತೇನೆ. ಹೈವೇಯಲ್ಲಿ ಆ ಲಾರಿ ನಿನ್ನ ಬಲ ಅಂಗೈಯನ್ನು ತೆಗೆದುಕೊಂಡು ಹೋಗಿ ಎರಡು ವರ್ಷವಾಯಿತು. ಮಾಡಿಸಿದ ಕೃತಕ ಕೈಯನ್ನು ನೀನು ಸೆಖೆಗೆ ಆಗುವುದಿಲ್ಲ ಎಂದು ಕಪಾಟಿನಲ್ಲಿ ಮಲಗಿಸಿದ್ದೀ. ಒಂದೇ ಕೈಯ ಹುಡುಗಿಗೆ ಬೆಟ್ಟದ ಮೇಲೆ ಚೂರಿ ಏಕೆ, ಜೊತೆಗೆ ನಿನ್ನ ರೂಮಿನ ಅನುಷ್ಕಾ ಇದ್ದಾಳಲ್ಲ, ಬೇಕಾದ್ದನ್ನು ಅವಳೇ ಕತ್ತರಿಸಿ ಕೊಡಬಾರದೇ ಎಂದುಕೊಂಡೆ. ನಿನಗೆ ಒಗ್ಗುವ ಚೂರಿ ಸಿಗದಿದ್ದರೆ ನೀನೇ ಹೋಗುವುದಿಲ್ಲ ಎನ್ನಬಹುದು ಎಂಬ ಆಸೆಯೂ ಇತ್ತು. ಅಮ್ಮಂದಿರ ಆಸೆ ಯಾವಾಗಲೂ ಒಳ್ಳೆಯದೇ ಆಗಿರುವುದಿಲ್ಲ.

ಹಂಪನಕಟ್ಟೆಯ ಅಂಗಡಿಯವನು ತೋರಿಸಿದ್ದು ಎಲ್ಲ ಕೆಲಸಕ್ಕೂ ಆಗುವ ಒಂದು ಗಟ್ಟಿ ಸಾಮಾನು. ಇಕ್ಕಳ, ಗರಗಸ, ಕತ್ತರಿ, ಸ್ಕ್ರೂಡ್ರೈವರ್, ಡಬ್ಬಿ ತೆರೆಯುವ ಕೊಕ್ಕೆ, ಎಲ್ಲದರ ನಡುವೆ ಒಂದು ಚೂರಿ. ಅವನು ಎರಡೂ ಕೈಯಿಂದ ಚಕಚಕ ಬಿಚ್ಚಿ ಮಡಚಿ ತೋರಿಸಿದ. ನಾನು ಮರುಳಾಗಿ ಅದನ್ನೇ ತಂದೆ. ಅವನ ಎರಡು ಕೈ ಕಂಡರೂ ನನಗೆ ಏನೂ ಹೊಳೆಯಲಿಲ್ಲ.

ಆಮೇಲೆ ಮೊಂತಿ ಹಬ್ಬದ ದಿನ, ಮಾತೆ ಮರಿಯಮ್ಮನ ಹೊಸ ತೆನೆಯ ಹಬ್ಬದಂದೇ, ನಡೆದದ್ದು. ಅದನ್ನು ನಾವಿಬ್ಬರೂ ಇಂದಿನವರೆಗೆ ಬಾಯಿ ಬಿಟ್ಟು ಆಡಲಿಲ್ಲ. ನಮ್ಮ ಮನೆಯಲ್ಲಿ ಚೂರಿಯನ್ನು ಕೈಯಿಂದ ಕೈಗೆ ಕೊಡುವ ಕ್ರಮವಿಲ್ಲ. ಮೇಜಿನ ಮೇಲೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ತಪ್ಪಿದರೆ ಜಗಳ ಖಂಡಿತ ಎಂದು ನಿನ್ನ ಡ್ಯಾಡಿಯ ಅಮ್ಮ ನಾನು ಮದುವೆಯಾಗಿ ಬಂದ ವಾರವೇ ಹೇಳಿಕೊಟ್ಟಿದ್ದರು. ಥಿಯೇಟರಿನಲ್ಲಿ ಪೂರಾ ಉಲ್ಟಾ. ಡಾಕ್ಟರು ತಲೆ ಎತ್ತುವುದಿಲ್ಲ, ಬಲ ಅಂಗೈ ಚಾಚುತ್ತಾರೆ ಅಷ್ಟೇ. ಹಿಡಿ ಮುಂದಾಗಿ ಚೂರಿ ಅಲ್ಲಿಗೆ ಬಂದು ಕೂರಬೇಕು. ಈ ಎರಡು ಕ್ರಮಗಳನ್ನು ನಾನು ಇಷ್ಟು ವರ್ಷ ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಇಟ್ಟಿದ್ದೆ.

ಅಂದು ಅಡುಗೆಕೋಣೆ ತುಂಬ ತರಕಾರಿ. ಹೀರೆಕಾಯಿ ನಾನು ಹೆಚ್ಚುತ್ತೇನೆ ಎಂದು ನೀನು ಬಂದೆ, ಬೇಡ ಎಂದು ನಾನು ಓಡಿಸಿದೆ. ಹಾಗಾದರೆ ನನ್ನ ಚೂರಿಯನ್ನಾದರೂ ತೋರಿಸು ಎಂದೆ ನೀನು. ನಾನು ಖುಷಿಯಲ್ಲಿ ಆ ಸಾಮಾನನ್ನು ತಂದು, ಅಲಗು ಬಿಗಿ ಉಂಟೆಂದು ನಾನೇ ಬಿಚ್ಚಿ, ಹಿಡಿ ಮುಂದೆ ಮಾಡಿ ಕೊಟ್ಟೆ. ಎಲ್ಲಿಗೆ ಕೊಟ್ಟೆ? ನಿನ್ನ ಬಲಗಡೆಗೆ. ಕೈ ಇಲ್ಲದ ಕಡೆಗೆ. ಕೊಟ್ಟವಳು ಹಿಡಿತ ಬಿಟ್ಟೂ ಬಿಟ್ಟೆ. ಅದು ನಿನ್ನ ಪಾದದ ಪಕ್ಕದಲ್ಲೇ ನೆಲಕ್ಕೆ ಬಡಿದ ಸದ್ದು ನನಗೆ ಈಗಲೂ ಕೇಳುತ್ತದೆ.

ನೀನು ಬಗ್ಗಿ ಎತ್ತಿಕೊಂಡೆ, ತೊಡೆಗೆ ಒತ್ತಿ ಮಡಚಿದೆ, ನನ್ನ ಮುಖ ನೋಡುತ್ತಲೇ ಹಲ್ಲಿನಿಂದ ಕಚ್ಚಿ ಎಳೆದು ಬಿಚ್ಚಿದೆ. ನಾನು ಬೊಬ್ಬೆ ಹೊಡೆದೆ. ತುಟಿ ಹರಿದರೆ ಯಾರು ಹೊಲಿಯುವುದು, ನಿನಗೆ ಬೆಟ್ಟವೂ ಬೇಡ ಚೂರಿಯೂ ಬೇಡ ಎಂದೆಲ್ಲ. ನಾಚಿಕೆಯಾದಾಗ ನನಗೆ ಸಿಟ್ಟೇ ಬರುವುದು, ನಿನಗೆ ಗೊತ್ತುಂಟು. ನೀನು ಇಗರ್ಜಿಯಲ್ಲಿ ಹರಸಿ ತಂದ ತೆನೆಯ ಹೊಸ ಅಕ್ಕಿಯನ್ನೂ ಬಾಯಿಗೆ ಹಾಕದೆ ಹೊರಟುಹೋದೆ. ಹಬ್ಬದ ದಿನ ಆ ಒಂದು ಚಮಚ ಹೊಸ ಅಕ್ಕಿ ತಿನ್ನದೆ ನಮ್ಮ ಮನೆಯಿಂದ ಇಲ್ಲಿಯವರೆಗೆ ಯಾರೂ ಎದ್ದು ಹೋದದ್ದಿಲ್ಲ. ಡ್ಯಾಡಿ ಅದನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಫ್ರಿಡ್ಜಿನಲ್ಲಿ ಇಟ್ಟರು. ನನಗೆ ಆ ಫ್ರಿಡ್ಜಿನ ಬಾಗಿಲು ತೆರೆಯಲು ಭಯವಾಗುತ್ತಿತ್ತು.

ಮರುದಿನ ಬೆಳಿಗ್ಗೆ ನಾನು ನನ್ನ ಬಲಗೈಯನ್ನು ಬೆನ್ನ ಹಿಂದೆ ಟವೆಲಿನಿಂದ ಕಟ್ಟಿಸಿಕೊಂಡೆ. ಕಟ್ಟಿದ್ದು ನಿನ್ನ ಡ್ಯಾಡಿ. ಒಲಿಂಡಾ, ನಿನ್ನ ಮಂಡೆ ಸರಿ ಉಂಟಲ್ಲ ಎಂದು ಕೇಳುತ್ತಲೇ ಕಟ್ಟಿದರು. ಆ ಸಾಮಾನನ್ನು ಮೇಜಿನ ಮೇಲಿಟ್ಟು ಎಡಗೈಯಿಂದ ಬಿಚ್ಚಲು ನೋಡಿದೆ. ಉಗುರು ಸಿಕ್ಕಿಸಿದರೆ ಚೂರಿ ಇಡೀ ಜಾರಿ ಓಡುತ್ತದೆ. ಮಂಡಿಯ ನಡುವೆ ಹಿಡಿದರೆ ಚೂರಿಯ ಬದಲು ಗರಗಸ ಹೊರಬರುತ್ತದೆ. ಡ್ಯಾಡಿ ಕುವೈತಿನಿಂದ ತಂದು ಒಮ್ಮೆಯೂ ಬಳಸದ ಕೆಂಪು ಚೂರಿಯನ್ನೂ ಕೊಟ್ಟರು, ಅದೂ ಅಷ್ಟೇ. ಆಮೇಲೆ ಟವೆಲು ಬಿಚ್ಚಿಸಿಕೊಂಡು ಅಂಗಡಿಗೆ ಹೋಗಿ ಹೆಬ್ಬೆರಳಿನಿಂದ ತಳ್ಳಿ ಬಿಚ್ಚುವಂಥದ್ದನ್ನು ತಂದೆ. ಬಿಚ್ಚಿತು! ಆದರೆ ಮಡಚಲು ಒಳಗಿನ ಲಾಕು ಸರಿಸಬೇಕಲ್ಲ, ಅದು ಬಲ ಹೆಬ್ಬೆರಳಿಗೆ ಮಾತ್ರ ಒಗ್ಗುವ ಹಾಗೆ ಉಂಟು. ಎಡಗೈಯವರು ಅಲಗಿನ ದಾರಿಯಲ್ಲೇ ಬೆರಳಿಟ್ಟು ಸರಿಸಬೇಕು. ಇದನ್ನು ಮಾಡಿದವನಿಗೆ ಬುದ್ಧಿ ಇಲ್ಲ ಎಂದು ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಡ್ಯಾಡಿ ನಕ್ಕರು. ಹೆಬ್ಬೆರಳು ಕೊಯ್ದಿತು. ಬ್ಯಾಂಡೇಜು ನೋಡಿ ನೀನು ಕೇಳಿದಾಗ ಈರುಳ್ಳಿ ಹೆಚ್ಚುವಾಗ ಎಂದೆನಲ್ಲ, ಅದು ಸುಳ್ಳು.

ಆದರೆ ನಾನು ಹೇಳಬೇಕಾದದ್ದು ಚೂರಿಯ ವಿಷಯ ಅಲ್ಲ. ಆ ಬೆಳಿಗ್ಗೆ ಟವೆಲು ಬಿಚ್ಚಿಸಿಕೊಳ್ಳುವ ಮೊದಲು ಒಮ್ಮೆ ಟೂತ್‌ಪೇಸ್ಟಿನ ಮುಚ್ಚಳ ತೆಗೆಯಲು ನೋಡಿದೆ. ಬ್ಲೌಸಿನ ಹುಕ್ಕು, ಬಿಸ್ಕಿಟಿನ ಪ್ಯಾಕೆಟು, ನೀರಿನ ಬಾಟಲಿ, ಚಪ್ಪಲಿಯ ಪಟ್ಟಿ. ಅರ್ಧ ಗಂಟೆಯಲ್ಲಿ ಅಳು ಬಂತು, ಬಿಚ್ಚಿ ಎಂದು ಡ್ಯಾಡಿಯನ್ನು ಕರೆದೆ. ನನಗೆ ಕರೆದರೆ ಬಿಚ್ಚುವವರಿದ್ದರು. ನೀನು ಎರಡು ವರ್ಷದಿಂದ ಪ್ರತಿ ಬೆಳಿಗ್ಗೆ ಎದ್ದು, ತಲೆ ಬಾಚಿ, ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಿದ್ದೀ. ನರ್ಸಾಗಿ ನಾನು ನಿನ್ನ ಗಾಯ ಒಣಗಿದ್ದು ನೋಡಿದೆ, ಹೊಲಿಗೆ ನೋಡಿದೆ. ಈ ಬೆಳಗುಗಳನ್ನು ನೋಡಿರಲಿಲ್ಲ. ನನ್ನ ಮಗಳು ಎಷ್ಟು ದೊಡ್ಡವಳು ಎಂದು ಅಂದು ಗೊತ್ತಾಯಿತು.

ಆ ಮೇಲೆ ನಿನ್ನನ್ನು ತಡೆಯುವ ಯೋಚನೆ ಹೋಯಿತು. ಸರಿಯಾದ ಚೂರಿ ಸಿಗಲೇಬೇಕು ಎಂಬ ಹಟ ಬಂತು. ಕಳೆದ ಗುರುವಾರ ಬಂದರಿನಲ್ಲಿ ಮಮ್ಮು ಬ್ಯಾರಿಯ ಅಂಗಡಿಗೆ ಹೋದೆ, ಬಲೆ, ಗಾಳ, ಹಗ್ಗ ಮಾರುವ ಅಂಗಡಿ. ಬೆಟ್ಟಕ್ಕೆ ಎಂದದ್ದೇ ತಡ, ಅವರು ಮೊಳದುದ್ದದ ಕತ್ತಿ ತೆಗೆದರು. ಕರಡಿ ಬಂದರೆ ಇದೇ ಬೇಕು ಸಿಸ್ಟರ್, ಸಣ್ಣದು ಎಂತಕ್ಕೆ ಎಂದು ಬಹಳ ಒತ್ತಾಯ. ನಾನು ಮೇಲೆ ನೇತಾಡುತ್ತಿದ್ದ ಗಿಡ್ಡ ಚೂರಿಗಳನ್ನು ನೋಡಿದೆ. ಒಂದೂ ಮಡಚುವಂಥದ್ದಲ್ಲ. ಏಕೆ ಎಂದು ಕೇಳಿದೆ. “ಬೋಟಲ್ಲಿ ಬಿಚ್ಚುದು ಮಡಚುದು ಎಲ್ಲ ಎಲ್ಲಿ ಆಗ್ತದೆ ಮಾರಾಯ್ರೆ, ಒಂದು ಕೈಯಲ್ಲಿ ಹಗ್ಗ ಇರ್ತದೆ” ಎಂದು ಹೇಳಿ, ಮತ್ತೆ ಆ ದೊಡ್ಡ ಕತ್ತಿಯನ್ನೇ ಹೊಗಳಲು ಶುರು ಮಾಡಿದರು.

ನಾನು ಅಲ್ಲೇ ನಿಂತೆ. ಒಂದೇ ಕೈಯಿಂದ ಬಿಚ್ಚುವ ಚೂರಿ, ಒಂದೇ ಕೈಯಿಂದ ಮಡಚುವ ಚೂರಿ ಎಂದು ವಾರವಿಡೀ ಊರು ಸುತ್ತಿದ್ದೆ. ಬಿಚ್ಚುವುದೇ ಬೇಡವಾದ ಚೂರಿ ನೆನಪಿಗೆ ಬಂದಿರಲಿಲ್ಲ. ಕಡಲಿಗೆ ಹೋದವರೆಲ್ಲ ಕೆಲಸ ಜೋರಾದಾಗ ಒಂದೇ ಕೈಯವರು ಎಂದೂ ನಾನು ಯೋಚಿಸಿದವಳಲ್ಲ. ಹುಟ್ಟಿದಂದಿನಿಂದ ಈ ಊರಿನ ಮೀನು ತಿಂದಿದ್ದೇನೆ! ಆ ಗಿಡ್ಡ ಚೂರಿಗಳಲ್ಲೇ ಒಂದನ್ನು ಕೊಂಡೆ. ಅಲಗು ಬೆರಳುದ್ದ, ಸ್ಟೀಲು ಒಳ್ಳೆಯದು, ಹಿಡಿ ದಪ್ಪ ಮತ್ತು ಒರಟು, ಒದ್ದೆಯಾದರೂ ಜಾರುವುದಿಲ್ಲ. ಕಿತ್ತಳೆ ಬಣ್ಣದ್ದಾದ ಕಾರಣ ಹುಲ್ಲಿನಲ್ಲಿ ಬಿದ್ದರೂ ಕಾಣುತ್ತದೆ. ಒರೆಯಲ್ಲಿ ಇಟ್ಟರೆ ಟಕ್ಕೆಂದು ಕೂರುತ್ತದೆ. ಮನೆಗೆ ತಂದು ಒರೆಯನ್ನು ನಿನ್ನ ಬ್ಯಾಗಿನ ಬಲ ಪಟ್ಟಿಗೆ, ಎದೆಯ ಹತ್ತಿರ, ದಪ್ಪ ನೂಲಿನಿಂದ ಹೊಲಿದೆ. ಎಡಗೈ ನೇರ ಅಲ್ಲಿಗೆ ಹೋಗುತ್ತದೆ.

ಭಾನುವಾರ ಬಂಗುಡೆ ಉಂಟು ಬಾ ಎಂದು ಡ್ಯಾಡಿ ಆಸೆ ತೋರಿಸಿದ್ದಕ್ಕೆ ನೀನು ಬಂದೆ. ಬ್ಯಾಗು ನೋಡಿದೆ, ಪಟ್ಟಿಯ ಮೇಲೆ ಬೆರಳಾಡಿಸಿದೆ, ಚೂರಿ ಎಳೆದೆ. ಎಳೆದದ್ದು ಕಣ್ಣಿಗೆ ಕಾಣಲಿಲ್ಲ, ಅಷ್ಟು ಬೇಗ. ನನ್ನನ್ನು ಕೇಳದೆ ಅಡುಗೆಕೋಣೆಗೆ ಹೋಗಿ ಬಂಗುಡೆಯ ಪಾತ್ರೆ ಎಳೆದುಕೊಂಡೆ. ನಾನು ಬಾಗಿಲಲ್ಲೇ ನಿಂತೆ. ಈ ಸಲ ಬೇಡ ಎನ್ನಲಿಲ್ಲ.

ನೀನು ಮಣೆಯ ಅಡಿಗೆ ಒದ್ದೆ ಬಟ್ಟೆ ಹಾಸಿದೆ. ಮೇಲೆ ಕಲ್ಲುಪ್ಪು ಚೆಲ್ಲಿದೆ, ಮೀನು ಜಾರದ ಹಾಗೆ. ಬಲದ ಮೊಂಡುಕೈಯಿಂದ ಬಾಲವನ್ನು ಒತ್ತಿ ಹಿಡಿದೆ. ಎಡಗೈಯ ಚೂರಿ ಹೊಟ್ಟೆಯ ಕೆಳಗೆ ಹೋಗಿ ಒಂದೇ ಗೆರೆಯಲ್ಲಿ ಮುಂದೆ ಬಂತು. ತುದಿಯಿಂದಲೇ ಒಳಗಿನದ್ದನ್ನು ಎಳೆದು ಹಾಕಿದೆ, ತಿರುಗಿಸಿ ಗೀರು ಹಾಕಿದೆ, ಮುಂದಿನದ್ದಕ್ಕೆ ಹೋದೆ. ಯಾವುದನ್ನೂ ಕಲಿಸಿದ್ದು ನಾನಲ್ಲ. ನೀನು ಡ್ಯಾಡಿಯ ಹತ್ತಿರ ಕ್ರಿಕೆಟ್ ಮಾತಾಡುತ್ತ ಇದ್ದೆ, ಮೀನಿನ ಕಡೆ ಸರಿಯಾಗಿ ನೋಡುತ್ತಲೂ ಇರಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಎನ್ನಲಿ. ನಾನು ದೊಡ್ಡ ದೊಡ್ಡ ಸರ್ಜನರ ಪಕ್ಕದಲ್ಲಿ ನಿಂತವಳು. ಕೆಲವರ ಕೈ ಕೆಲಸ ಮಾಡುವಾಗ ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು; ಆ ಕೈಗೆ ಏನು ಮಾಡಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಭಾನುವಾರ ನನ್ನ ಅಡುಗೆಕೋಣೆಯಲ್ಲಿ ಹಾಗೆ ನಿಂತೆ. ಮೈ ಜುಮ್ಮೆಂದಿತು ಪುತಾ. ಇದು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಕೈಯೇ ಎಂದು ಆಶ್ಚರ್ಯವಾಯಿತು, ದೇವರ ಭಯವೂ ಆಯಿತು. ಬಾಯಿಯಿಂದ ಬಂದದ್ದು ಮಾತ್ರ, ಕಿವಿರು ಸರಿ ತೆಗೆಯಲಿಲ್ಲ ನೋಡು, ಎಂದು. ನೀನು ನಕ್ಕೆ. ನಾನು ಹಿತ್ತಿಲಿಗೆ ಹೋಗಿ ಬಟ್ಟೆ ತೆಗೆಯುವ ನೆಪದಲ್ಲಿ ಕಣ್ಣು ಒರೆಸಿಕೊಂಡೆ. ಒಳಗೆ ಬಂದಾಗ ನೀನು ಫ್ರಿಡ್ಜಿನಿಂದ ಹೊಸ ಅಕ್ಕಿಯ ಡಬ್ಬಿ ತೆಗೆದು, ನಿಂತಲ್ಲೇ ಚಮಚದಿಂದ ತಿನ್ನುತ್ತಿದ್ದೆ. ಕಿವಿರು ನೀನು ಸರಿಯಾಗಿಯೇ ತೆಗೆದಿದ್ದೆ.

ಈಗ ಕೆಲಸದ ಮಾತು. ಹಿಂದೆ ಬರುವಾಗಲೂ ವಿಮಾನದಲ್ಲಿ ಚೂರಿ ಕೈಚೀಲದಲ್ಲಿ ಬೇಡ, ಕಿತ್ತುಕೊಳ್ಳುತ್ತಾರೆ. ದೊಡ್ಡ ಬ್ಯಾಗಿನೊಳಗೇ ಇರಲಿ. ಅದಕ್ಕಾಗಿ ಒರೆಯ ಹೊಲಿಗೆ ಬಿಚ್ಚಿ ಈಗ ಗುಂಡಿ ಹಾಕಿದ್ದೇನೆ, ಬೆಟ್ಟ ಹತ್ತುವಾಗ ಪಟ್ಟಿಗೆ ಸಿಕ್ಕಿಸಿಕೋ. ಮೊಂಡಾಗಲು ಬಿಡಬೇಡ. ಹರಿತವಾದದ್ದು ಹೇಳಿದಲ್ಲಿಗೆ ಹೋಗುತ್ತದೆ, ಮೊಂಡಾದದ್ದು ಜಾರಿ ತನಗೆ ಬೇಕಾದಲ್ಲಿಗೆ ಹೋಗುತ್ತದೆ. ಒದ್ದೆ ಒರೆಸಿ ಇಡು. ಹಲ್ಲಿಗೆ ಕೆಲಸ ಕೊಡಬೇಡ. ಚಳಿಗೆ ಕಿವಿ ಮುಚ್ಚಿಕೋ. ಎತ್ತರ ಹತ್ತಿ ನಿಂತಾಗ ಒಮ್ಮೆ ನನ್ನನ್ನು ನೆನೆ, ಆದರೆ ಕಾಲು ನೋಡಿಕೊಂಡು ನೆನೆ.

ಹೋಗಿ ಬಾ ಮಗಳೇ.

ನಿನ್ನನ್ನು ನೋಡಿ ಬೆರಗಾಗಿ ಕುಳಿತಿರುವ
ನಿನ್ನ ಮಮ್ಮಿ,
ಒಲಿಂಡಾ

ಮರೆತದ್ದು: ಇಷ್ಟೆಲ್ಲ ಆದ ಮೇಲೂ ನಿನ್ನೆ ನಾನು ಗುಟ್ಟಿನಲ್ಲಿ ಅನುಷ್ಕಾಳಿಗೆ ಫೋನ್ ಮಾಡಿದೆ. ಬೆಟ್ಟದಲ್ಲಿ ಕ್ಯಾರಲ್‌ಗೆ ಬೇಕಾದ್ದನ್ನು ನೀನು ಸ್ವಲ್ಪ ಕತ್ತರಿಸಿ ಕೊಡು ಎಂದೆ. ಅಮ್ಮನಲ್ಲವೇ. ಆ ಹುಡುಗಿ ಜೋರು ನಕ್ಕಳು. “ಎಂತ ಆಂಟಿ, ನನಗೆ ಚೂರಿ ಕಂಡ್ರೆ ಹೆದ್ರಿಕೆ. ರೂಮಲ್ಲಿ ಮೀನು ಮಾಡುದೆಲ್ಲ ಇವಳೇ. ನಮ್ಮ ಗುಂಪಲ್ಲಿ ಚೂರಿ ಇವಳದ್ದು ಒಂದೇ, ಬೇರೆ ಯಾರೂ ತರುದಿಲ್ಲ” ಎಂದಳು. ಅಂದರೆ ನೀನು ಚೂರಿ ಕೇಳಿದ್ದು ಅವರೆಲ್ಲರಿಗಾಗಿ. ನನಗೆ ಒಂದು ಮಾತು ಹೇಳಬಾರದಿತ್ತೇ? ಇರಲಿ. ಬೆಟ್ಟ ಇಳಿದು ಬರುವಷ್ಟರಲ್ಲಿ ಅನುಷ್ಕಾಳಿಗೆ ಸ್ವಲ್ಪ ಕಲಿಸು. ಎರಡೆರಡು ಕೈ ಇಟ್ಟುಕೊಂಡು ಸುಮ್ಮನೆ ಕುಳಿತುಕೊಳ್ಳುವುದು ಚಂದ ಅಲ್ಲ.