ಮಷೀನು ತಪ್ಪು ಹೇಳಿರಲಿ

ಸೇಡಂ
೨೧ ಫೆಬ್ರುವರಿ ೨೦೨೫

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ತಾಂಡೂರಿನಲ್ಲಿ ಕಾಶೀನಾಥ ಮಾವನ ಮನೆಯ ಮೆಟ್ಟಿಲು ಪದೇ ಪದೇ ಹತ್ತಬೇಡ ಎಂದರೆ ನೀನು ಕೇಳುವವಳಲ್ಲ. ತಮ್ಮ ಚನ್ನು, ಮಾವನ ಅಂಗಡಿಯಲ್ಲಿ ಮನಸ್ಸಿಟ್ಟು ಕೂರುತ್ತಾನೋ, ಮೊಬೈಲು ನೋಡುತ್ತಲೇ ಗಿರಾಕಿಗಳನ್ನು ಸಾಗಹಾಕುತ್ತಾನೋ? ಅವನಿಗೆ ಹೆಣ್ಣು ಹುಡುಕುತ್ತಿದ್ದೀರಂತೆ. ಸಿಕ್ಕ ಮೇಲಾದರೂ ಈ ಅಕ್ಕನಿಗೆ ಹೇಳುತ್ತೀರಿ ತಾನೆ!

ಇವತ್ತು ಶಾಲೆಯಲ್ಲಿ ನಡೆದದ್ದನ್ನು ನಿನಗೆ ಹೇಳಲೇಬೇಕು. ಫೋನಿನಲ್ಲಿ ಹೇಳಹೋದರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹತ್ತನೇ ಕ್ಲಾಸಿನ ಮಕ್ಕಳು ಇಂಗ್ಲಿಷ್ ಪ್ರಬಂಧವನ್ನೆಲ್ಲ ಮೊಬೈಲಿನಲ್ಲೇ ಅನುವಾದ ಮಾಡಿಸಿ ತರುತ್ತಾರೆ. ಬೈದು ಬೈದು ಸಾಕಾಗಿ, ಅದನ್ನು ಬಳಸುವ ರೀತಿಯನ್ನೇ ಕಲಿಸೋಣ ಎಂದುಕೊಂಡೆ. ಮಷೀನು ಹೇಳಿದ್ದನ್ನು ಹಾಗೇ ನುಂಗಬೇಡಿ, ಆ ಭಾಷೆ ಬಲ್ಲವರನ್ನು ಕೇಳಿ ಎಂದು ದಿನಾ ಹೇಳುತ್ತೇನೆ. ರೂಢಿಯಾಗಲೆಂದು, ಮನೆಯ ಹಿರಿಯರು ಬೇರೆ ಭಾಷೆಯಲ್ಲಿ ಆಡುವ ಮಾತು ರೆಕಾರ್ಡ್ ಮಾಡಿ ನನ್ನ ಮೊಬೈಲಿಗೆ ಕಳಿಸಲು ಹೇಳಿದೆ. ಕ್ಲಾಸಿನಲ್ಲಿ ಅದನ್ನು ಕನ್ನಡಕ್ಕೆ ತಿರುಗಿಸಿ ಪರೀಕ್ಷಿಸುವುದು. ಅತೀಯಾಳ ಅಜ್ಜಿಯ ಉರ್ದು ಬೈಗುಳವನ್ನು ಮಷೀನು ಆಶೀರ್ವಾದ ಮಾಡಿಬಿಟ್ಟಿತ್ತು, ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಆಮೇಲೆ ಶಿವಗಂಗಾ ಎದ್ದಳು. ಅವಳ ತಾಯಿ ಭಾಗಮ್ಮನದೂ ನಿನ್ನ ಹಾಗೆ ತೆಲುಗು ಸೀಮೆಯ ತವರು. ಅವಳೂ ನಿನ್ನ ಹಾಗೆಯೇ ಮಕ್ಕಳಿಗೆ ತೆಲುಗು ಕಲಿಸಲಿಲ್ಲ. ರೊಟ್ಟಿ ಬಡಿಯುತ್ತ, ಫೋನಿನ ಸ್ಪೀಕರ್ ಹಾಕಿಕೊಂಡು ಅವಳು ಯಾರೊಡನೆಯೋ ಮಾತಾಡಿದ್ದನ್ನು ಹುಡುಗಿ ರೆಕಾರ್ಡ್ ಮಾಡಿದ್ದಳು. ಮೊದಲೆರಡು ಮಾತನ್ನು ತಿರುಗಿಸಿ ಓದಲು ಅವಳಿಗೇ ಕೊಟ್ಟೆ. ನಗುನಗುತ್ತಲೇ ಓದಿದಳು: "ಪರೀಕ್ಷೆ ಮುಗಿದ ವಾರವೇ ಮದುವೆ ಮಾಡೋಣ. ಶಿವಗಂಗಾಗೆ ಈಗಲೇ ಹೇಳುವುದು ಬೇಡ."

ಅವಳಿಗಿನ್ನೂ ಹದಿನಾರು ತುಂಬಿಲ್ಲ ಅವ್ವಾ. ಮುಂದೆ ಓದಬೇಡ ಎಂದು ಅವಳ ಕೈಯಿಂದ ಮೊಬೈಲು ತೆಗೆದುಕೊಂಡೆ. ಹುಡುಗಿ ನನ್ನ ಮುಖವನ್ನೇ ನೋಡುತ್ತ, "ಮಷೀನಿನ ಮಾತ ನಂಬಬ್ಯಾಡ್ರಿ ಅಂತ ನೀವೇ ಹೇಳೀರಲ್ರಿ ಟೀಚರ್. ಇದೂ ತಪ್ಪೇ ಅದ ಅಲ್ರಿ?" ಎಂದಳು. ಸೋಮವಾರ ಹೇಳುತ್ತೇನೆ ಎಂದು ಜಾರಿಕೊಂಡೆ.

ನಿನ್ನದು ಸಾದಾ ಮೊಬೈಲು, ಅದಕ್ಕೇ ರೆಕಾರ್ಡಿಂಗನ್ನು ನಮ್ಮ ಪಕ್ಕದ ಮನೆಯ ನಬೀಸಾಬರ ಮೊಬೈಲಿಗೆ ಹಾಕಿದ್ದೇನೆ. ಅವರು ಇವತ್ತು ತಾಂಡೂರಿಗೆ ಹೊರಟಿದ್ದಾರೆ, ಈ ಪತ್ರವನ್ನೂ ಅವರೇ ತರುತ್ತಾರೆ. ಕೇಳಿ ನೋಡಿ, ಮಷೀನು ತಪ್ಪು ಹೇಳಿದೆ ಎಂದು ಹೇಳು. ನಿಜವೇ ಆಗಿದ್ದರೆ ಭಾಗಮ್ಮನಿಗೆ ತೆಲುಗಿನಲ್ಲೇ ಬುದ್ಧಿ ಹೇಳು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಮಳಖೇಡದವರು ಹೆಣ್ಣು ನೋಡಲು ಬಂದರೆ, "ನನ್ನ ಮಗಳು ಓದ್ಲಿಕತ್ಯಾಳ್ರಿ, ಚಹಾ ಕುಡದು ಹೋಗ್ರಿ" ಎಂದು ಕಳಿಸಿದವಳು ನೀನು. ಇವತ್ತು ನಾನು ಟೀಚರ್ ಆಗಿರುವುದು ಆ ಒಂದು ಮಾತಿನಿಂದ.

ಮಾವ, ಅತ್ತೆಗೆ ನಮಸ್ಕಾರ. ಚನ್ನುವಿಗೆ ಆಶೀರ್ವಾದ.

ನಿನ್ನ ಮಗಳು,
ಯಶೋಧರಾ

ತಾ.ಕ.: ನಬೀಸಾಬರು ಚಹಾ ಕುಡಿಯುವಷ್ಟರಲ್ಲಿ ರೆಕಾರ್ಡಿಂಗನ್ನು ಕೊನೆಯವರೆಗೂ ಕೇಳಿದೆ. ಆ ಕಡೆಯಿಂದ ಮಾತಾಡುತ್ತಿರುವವಳು ನೀನು. ಅವ್ವಾ, ನಿನ್ನ ದನಿ ಗುರುತಿಸಲು ನನಗೆ ತೆಲುಗೂ ಬೇಡ, ಮಷೀನೂ ಬೇಡ. ವರ ನಮ್ಮ ಚನ್ನು. ಅವನ ಹೆಸರು ಹೇಳಿ ಹೇಳಿ ನಗುತ್ತಿದ್ದೀಯ. ನಾಳೆ ಬೆಳಗಿನ ರೈಲಿಗೆ ಬರುತ್ತೇನೆ. ಅಷ್ಟರೊಳಗೆ ಈ ಸಂಬಂಧ ಬೇಡವೆಂದು ಭಾಗಮ್ಮನಿಗೆ ನೀನೇ ಫೋನ್ ಮಾಡು. ಇಲ್ಲದಿದ್ದರೆ ಮಕ್ಕಳ ಸಹಾಯವಾಣಿಗೆ ನಾನು ಮಾಡುತ್ತೇನೆ. ಯಾರ ಮೇಲೆ ದೂರು ಎಂದು ಕೇಳಿದರೆ ನಿನ್ನ ಹೆಸರನ್ನೂ ಹೇಳುತ್ತೇನೆ. ಸೋಮವಾರ ಆ ಹುಡುಗಿಗೆ ನಾನು ಮುಖ ತೋರಿಸಬೇಕು.