ಚಿತ್ತಮ್ಮ ಕೇಳಿಸಿಕೊಳ್ಳದ ಮಾತು

೩-೩-೭೪, ಚಿತ್ರದುರ್ಗ
ಎಂದಿನಂತೆ ಬೆಳಿಗ್ಗೆ ಚಿತ್ತಮ್ಮನಿಗೆ ಚಕ್ರಬಡ್ಡಿ ಹೇಳಿಕೊಟ್ಟೆ. ಒಂದೇ ರೂಮು, ಒಂದೇ ಸ್ಟೌವ್, ಬ್ಯಾಂಕಿನ ಪರೀಕ್ಷೆಗೆ ಇಬ್ಬರೂ ಕಟ್ಟಿದ್ದೇವೆ. ಪಾಸಾಗದಿದ್ದರೆ ನನಗೆ ಬಾಗೂರಿನ ಗಂಡು ಕಾದಿದ್ದಾನೆ. ಅಪ್ಪ ಹಟ ಹಿಡಿದಿದ್ದಾರೆ. ಸಂಜೆ ಅವಳು ಊರಿಗೆ ಹೋದಳು, ಶ್ರೀರಾಂಪುರಕ್ಕೆ. ನಾಳೆ ಟೆಸ್ಟಿನ ಹೊತ್ತಿಗೆ ಬರುತ್ತಾಳಂತೆ.

೪-೩-೭೪
ಟ್ಯುಟೋರಿಯಲ್‌ನಲ್ಲಿ ಲೆಕ್ಕದ ಟೆಸ್ಟ್. ಓಬಳೇಶಪ್ಪ ಸಾರ್ ಇವತ್ತು ಹುಡುಗಿಯರನ್ನೆಲ್ಲ ತಮ್ಮ ಮೇಜಿನ ಪಕ್ಕದ ಬೆಂಚಿಗೆ ಕರೆದು ಕೂರಿಸಿದರು. ಪ್ರೀತಿಯಿಂದಲೇ ಹೇಳಿದರು: "ಹೆಣ್ಮಕ್ಳಿಗೆ ಲೆಕ್ಕ ಹತ್ತಲ್ಲ ಕಣ್ರಮ್ಮ. ಬಂದಷ್ಟು ಬರೀರಿ, ಬೇಜಾರು ಮಾಡ್ಕಬ್ಯಾಡ್ರಿ." ಹುಡುಗರು ನಕ್ಕರು. ಪೆನ್ನು ಹಿಡಿದೆ. ತಪ್ಪಾದರೆ ಸಾರ್ ಮಾತೇ ನಿಜವಾಗುತ್ತದಲ್ಲ... ತಲೆಯಲ್ಲಿ ಅದೊಂದೇ. ಮಾಡಿದ ಲೆಕ್ಕವನ್ನೇ ಮತ್ತೆ ಮತ್ತೆ ಮಾಡಿದೆ. ಬಸ್ಸು ಕೆಟ್ಟು ಚಿತ್ತಮ್ಮ ತಡವಾಗಿ ಬಂದಳು. ಸಿಕ್ಕ ಜಾಗದಲ್ಲಿ, ಹುಡುಗರ ಹಿಂದೆ ಕುಳಿತು ಬರೆದಳು.

೭-೩-೭೪
ಚಿತ್ತಮ್ಮ ಫಸ್ಟ್. ನಾನು ಎಲ್ಲೋ ಕೊನೆಯಲ್ಲಿ. ಬಡ್ಡಿಗೂ ಅಸಲಿಗೂ ವ್ಯತ್ಯಾಸ ಕೇಳುತ್ತಿದ್ದವಳು! ಗುರುವಿಗೇ ತಿರುಮಂತ್ರ. ಅನ್ನ ಬಡಿಸುತ್ತಾ, "ಎಲ್ಲಾ ನೀನೇ ಹೇಳ್ಕೊಟ್ಟಿದ್ದು ಕಣಕ್ಕ" ಅಂದಳು. ಹೊಟ್ಟೆ ಇನ್ನಷ್ಟು ಉರಿಯಿತು.

೮-೩-೭೪
ಅದೇ ಪೇಪರನ್ನು ಒಬ್ಬಳೇ ಕೂತು ಮಾಡಿದೆ. ಎಲ್ಲಾ ಸರಿ ಬಂತು! ಹಾಗಾದರೆ ತಪ್ಪು ನನ್ನ ತಲೆಯದಲ್ಲ, ಸಾರ್ ಆಡಿದ ಆ ಮಾತಿನದು. ತಡವಾಗಿ ಬಂದ ಚಿತ್ತಮ್ಮ ಅದನ್ನು ಕೇಳಿಸಿಕೊಳ್ಳಲೇ ಇಲ್ಲ, ಅಷ್ಟೇ. ಕೆಡುವ ಬಸ್ಸೂ ಅವಳ ಪಾಲಿಗೇ ಬರಬೇಕೇ?

೨೪-೩-೭೪, ಸಂಜೆ
ಬ್ಯಾಂಕಿನ ಪರೀಕ್ಷೆ ಮುಗಿಯಿತು. ಒಳಗೆ ಹೋಗುವ ಮುಂಚೆ ಗೇಟಿನ ಹತ್ತಿರ ಚಿತ್ತಮ್ಮನ ಜಡೆ ಸರಿಮಾಡುತ್ತಾ ಹೇಳಿಬಿಟ್ಟೆ — ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತುವುದಿಲ್ಲವಂತೆ, ಸಾರೇ ಹೇಳಿದ್ದಾರೆ, ಜಾಸ್ತಿ ಆಸೆ ಇಟ್ಟುಕೊಳ್ಳಬೇಡ ಎಂದು. ಮುಖ ಸಣ್ಣಗೆ ಮಾಡಿಕೊಂಡಳು. ಒಳಗೆ ನನ್ನ ಮುಂದಿನ ಬೆಂಚಿನಲ್ಲೇ ಅವಳು. ಬರೆಯುತ್ತಾಳೆ, ಹೊಡೆದು ಹಾಕುತ್ತಾಳೆ. ಖುಷಿಯಾಯಿತು. ಹೌದು, ಆಯಿತು. ನನಗೂ ಆ ಮಾತು ನೆನಪಾಗದೆ ಇರಲಿಲ್ಲ. ಆದರೆ ಅದು ಬರೀ ಮಾತು ಎಂದು ಗೊತ್ತಿತ್ತಲ್ಲ, ಒಂದಾದ ಮೇಲೊಂದು ಲೆಕ್ಕ ಮಾಡುತ್ತಾ ಹೋದೆ. ಅದನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ.

೨೦-೫-೭೪
ನಾನು ಪಾಸ್. ಬಾಗೂರಿನವರಿಗೆ ಅಪ್ಪ ಬೇಡವೆಂದು ಹೇಳಿಕಳಿಸಿದರು. ಚಿತ್ತಮ್ಮ ಫೇಲ್. ಇನ್ನು ಪರೀಕ್ಷೆಯೇ ಬೇಡವೆಂದು ಟ್ರಂಕು ತುಂಬಿದಳು. "ತಂಗೀನೂ ಹೈಸ್ಕೂಲಿಗೆ ಕಳ್ಸಬ್ಯಾಡ ಅಂತೀನಿ ಅಪ್ಪಂಗೆ. ಸಾರ್ ಹೇಳಿದ್ದು ಸರಿಯಾಗೇ ಐತೆ" ಅಂದಳು.

ಅದು ಬರೀ ಮಾತು ಎಂದು ಹೇಳಿಬಿಡೋಣವೆಂದೇ ಬಸ್‌ಸ್ಟ್ಯಾಂಡಿನವರೆಗೂ ಹೋದೆ. ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡು, ನೀನಾದರೂ ಗೆದ್ದೆಯಲ್ಲ ಎಂದು ಅತ್ತಳು. ಬಸ್ಸು ಹೊರಟಿತು. ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಸಲ ಕಟ್ಟುತ್ತಿದ್ದಳು. ಪಾಸಾಗುತ್ತಿದ್ದಳು. ನನಗಿಂತ ಹೆಚ್ಚು ನಂಬರ್ ತೆಗೆದು... ಅದಕ್ಕೇ —